ಒಂದು ಗೇಣಿಗೇ ನಿಂತ ಹಸಿರು ತಂತಿ

ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಹದಿನೇಳು ಮುಗಿದು ಇನ್ನೂ ನಲವತ್ತು ಉಳಿದಿದ್ದವು. ಆಸ್ಪತ್ರೆಯ ಬಟ್ಟೆ ಒಗೆದುಕೊಡುವುದು ನಮ್ಮ ಕಸುಬು. ಅದನ್ನು ಹೊತ್ತೊಯ್ಯುವ ಕರೆಂಟಿನ ಕಾರು ಮೊನ್ನೆ ಸಂಜೆಯಿಂದ ಶೆಡ್ಡಿನಲ್ಲಿ ಹೆಣದ ಹಾಗೆ ಬಿದ್ದಿತ್ತು. ಚಾರ್ಜಿಗೆ ಹಾಕಿದ್ದಾಗಲೇ ಎದುರಿನ ಕಂಬಕ್ಕೆ ಸಿಡಿಲು ಬಡಿದಿತ್ತು.

ಇಸ್ತ್ರಿಪೆಟ್ಟಿಗೆಯಿಂದ ಎಂದಿನಂತೆ ಬೆರಳಿಗೆ ಸಣ್ಣಗೆ ಕರೆಂಟು ಹೊಡೆಯಿತು. ಕಾಲಿನ ರಬ್ಬರ್ ಚಪ್ಪಲಿ ಸರಿಮಾಡಿಕೊಂಡೆ. ಚಪ್ಪಲಿಯಿಲ್ಲದೆ ನಮ್ಮ ಮನೆಯಲ್ಲಿ ಯಾರೂ ಸ್ವಿಚ್ ಮುಟ್ಟುವಂತಿಲ್ಲ, ಅದು ನಮ್ಮ ಯಜಮಾನರ ಕಟ್ಟಪ್ಪಣೆ. ಅವರು ನಲವತ್ತು ವರ್ಷ ವೈರ್‌ಮನ್ ಕೆಲಸ ಮಾಡಿದವರು. ವೈರಿಂಗ್ ಮಾಡಿಕೊಟ್ಟ ಪ್ರತಿ ಮನೆಗೂ ಒಂದು ಜೊತೆ ರಬ್ಬರ್ ಚಪ್ಪಲಿ ಕೊಟ್ಟು ಬರುತ್ತಿದ್ದರು. ಜನ ಅವರಿಗೆ ‘ಚಪ್ಪಲಿ ಮೇಸ್ತ್ರಿ’ ಎಂದು ಹೆಸರಿಟ್ಟು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನನ್ನ ತಂಗಿಯ ಮನೆಗೂ ಕೊಟ್ಟಿದ್ದರು. ಆರು ವರ್ಷದ ಹಿಂದೆ ಅವಳ ಗಂಡ ಬರಿಗಾಲಲ್ಲಿ ನಿಂತು ಬಟ್ಟೆ ಒಗೆಯುವ ಮಷೀನಿನೊಳಗೆ ಕೈ ಹಾಕಿದ್ದಾಗ ಅವಳು ಸ್ವಿಚ್ ಒತ್ತಿದಳು, ಮಷೀನಿನ ಮೈಗೆಲ್ಲ ಕರೆಂಟು ಹರಿಯಿತು. ಅವನು ಅಲ್ಲೇ ಹೋದ. ಗಂಡನನ್ನು ತಾನೇ ಕೊಂದೆ ಎಂದು ಅಂದಿನಿಂದ ಅವಳು ನಂಬಿದ್ದಾಳೆ. ಆ ಮನೆ ಮಾರಿ ದೂರ ಹೋದಳು, ಕೊಂಡವರು ಅದನ್ನು ಕೆಡವಿಯೂ ಆಯಿತು. ಹೋದಮೇಲೆ ನನಗೊಂದು ಕಾಗದ ಬರೆದಿದ್ದಳು: “ಅಕ್ಕಾ, ಭಾವನನ್ನು ಒಂದು ಸಲ ಕೇಳು. ತಪ್ಪು ನನ್ನ ಕೈಯದೇನಾ?” ಕೇಳಿದ್ದೆ. “ಒದ್ದೆ ನೆಲ, ಬರಿಗಾಲು, ಹಣೆಬರಹ,” ಎಂದು ಯಜಮಾನರು ಎದ್ದು ಹೋಗಿದ್ದರು. ಅದನ್ನೇ ಬರೆದರೆ ಗಾಯದ ಮೇಲೆ ಬರೆ ಎಳೆದ ಹಾಗಾದೀತೆಂದು ನಾನು ಉತ್ತರವನ್ನೇ ಹಾಕಲಿಲ್ಲ.

“ಅಮ್ಮಾ, ಸ್ವಲ್ಪ ಬರ್ತೀರಾ?” ಶೆಡ್ಡಿನಿಂದ ಕೂಗು ಬಂತು.

ಕಾರು ರಿಪೇರಿಗೆ ಬಂದಾಕೆಗೆ ಮೂವತ್ತಿರಬಹುದು, ನಾಲಿಗೆ ಮಾತ್ರ ಬಲು ಚುರುಕು. ಕಾರಿನೊಳಗಿನ ಚಾರ್ಜರ್ ಬಿಚ್ಚಿ ಗೋಣಿಯ ಮೇಲಿಟ್ಟಿದ್ದಳು. ಅದರೊಳಗೆಲ್ಲ ಕಪ್ಪು ಮಸಿ, ಕೂದಲು ಸುಟ್ಟ ವಾಸನೆ.

“ಬ್ಯಾಟರಿ ಬಚಾವಾಗಿದೆ. ಗುಜರಿ ಕಾರಿಂದು ಒಂದು ಚಾರ್ಜರ್ ಇದೆ, ಅದನ್ನ ಹಾಕ್ತೀನಿ. ಆದ್ರೆ ಮೊದ್ಲು ಇದನ್ನ ನೋಡಿ.”

ಗೋಡೆಯ ಚಾರ್ಜಿಂಗ್ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಅದರೊಳಗಿದ್ದ ಬೆರಳುದ್ದದ ತಂತಿಯೊಂದನ್ನು ಸ್ಕ್ರೂಡ್ರೈವರಿನ ತುದಿಯಿಂದ ತೋರಿಸಿದಳು.

“ಅರ್ಥ್, ಅಂದ್ರೆ ನೆಲದೊಳಗೆ ಇಳಿಯೋ ತಂತಿ, ಇಲ್ದಿದ್ರೆ ಈ ಪೆಟ್ಟಿಗೆ ಚಾರ್ಜೇ ಕೊಡಲ್ಲ. ಅದಕ್ಕೆ ಯಾರೋ ಕರೆಂಟು ವಾಪಸ್ ಹೋಗೋ ನ್ಯೂಟ್ರಲ್ ತಂತಿಯಿಂದ ಒಂದು ತುಂಡು ಎಳೆದು, ಇದೇ ಅರ್ಥ್ ಅಂತ ಪೆಟ್ಟಿಗೆಗೇ ಟೋಪಿ ಹಾಕಿದಾರೆ. ಸಿಡಿಲಿಗೆ ನೆಲಕ್ಕಿಳಿಯೋಕೆ ದಾರಿ ಇಲ್ಲ, ಕಾರಿನ ಹೊಟ್ಟೆಗೇ ನುಗ್ಗಿದೆ.”

“ಅರ್ಥ್ ಇದೆಯಲ್ಲಮ್ಮಾ. ಆ ಹಸಿರು ತಂತಿ, ನಲ್ಲಿ ಪಕ್ಕ ಗೋಡೆಯಿಂದ ನೆಲಕ್ಕೆ ಇಳಿದಿದೆ ನೋಡು.”

ಅವಳು ನಲ್ಲಿಯ ಬಳಿ ಹೋಗಿ ತಂತಿಯನ್ನು ಎರಡೇ ಬೆರಳಲ್ಲಿ ಹಿಡಿದು ಎಳೆದಳು. ಮೂಲಂಗಿ ಕಿತ್ತ ಹಾಗೆ ಬಂತು. ಮಣ್ಣಿನೊಳಗಿದ್ದದ್ದು ಒಂದು ಗೇಣು. ತುದಿಗೆ ಸಲಾಕೆ ಇಲ್ಲ, ಏನೂ ಇಲ್ಲ. ಇಕ್ಕಳದಿಂದ ನೀಟಾಗಿ ಕತ್ತರಿಸಿದ ಗುರುತು ಮಾತ್ರ.

“ಯಾವ ಪುಣ್ಯಾತ್ಮಂದು ಈ ಕೆಲಸ?”

ಪುಣ್ಯಾತ್ಮರು ಶೆಡ್ಡಿನ ಬಾಗಿಲಲ್ಲೇ ಟೀ ಲೋಟ ಹಿಡಿದು ನಿಂತಿದ್ದರು.

“ಕೆಳಗೆಲ್ಲ ಬಂಡೆ,” ಎಂದರು. “ಒಂದು ಅರ್ಥ್ ಗುಂಡಿ ತೋಡೋಕೆ ಎರಡು ದಿನ ಬೇಕು. ನಿನ್ನೆ ಮೊನ್ನೆ ಕಣ್ಣು ಬಿಟ್ಟೋಳು ನೀನು, ನಿಂಗೇನು ಗೊತ್ತು?”

“ಬಂಡೆ ಕೊರೆಯೋ ಮಷೀನು ನಾನು ಕಣ್ಣು ಬಿಡೋಕೆ ಮುಂಚೆನೇ ಬಂದಿದೆ ತಾತ. ಇಂಥ ಮನೆ ಇನ್ನೆಷ್ಟಿವೆ?”

ನಾನು ಅವಳ ಕೈಯಿಂದ ತಂತಿ ತೆಗೆದುಕೊಂಡೆ.

“ತಂಗಿ ಮನೇಲೂ ಹೀಗೇನಾ?”

“ಈಗ್ಯಾಕೆ ಅದೆಲ್ಲ?”

“ಹೌದಾ, ಅಲ್ವಾ? ಅಷ್ಟೇ ಹೇಳಿ.”

“ಚಪ್ಪಲಿ ಕೊಟ್ಟಿದ್ದೆ,” ಎಂದರು. “ನನ್ನ ಕೈಯಾರೆ ಕೊಟ್ಟಿದ್ದೆ ಕಣೇ. ಷಡ್ಡಕ ಅದನ್ನ ಹಾಕ್ಕೊಂಡಿರ್ಬೇಕಿತ್ತು.”

ಎಲ್ಲ ಗೊತ್ತಿದ್ದೇ ಚಪ್ಪಲಿ ಹಂಚಿದ್ದರು. ನನ್ನ ತಂಗಿ ತನ್ನ ಕೈ ನೋಡಿಕೊಂಡು ಅಳುವುದೂ ಗೊತ್ತಿತ್ತು. ಆರು ವರ್ಷ ನಾನು ಬಡಿಸಿದ್ದನ್ನು ಉಂಡು, ಕೈ ತೊಳೆದು, ಮಲಗಿದ್ದರು.

ಮರುದಿನ ರಿಪೇರಿಯಾಕೆ ಬಂಡೆ ಕೊರೆಸಿ, ಆಳುದ್ದದ ಸಲಾಕೆ ಇಳಿಸಿ, ಮೀಟರಿನ ಮುಳ್ಳು ಒಪ್ಪಿದ ಮೇಲೆಯೇ ಕಾರಿಗೆ ಚಾರ್ಜರ್ ಕೂರಿಸಿದಳು. ಅಷ್ಟರಲ್ಲಿ ನಾನು ಯಜಮಾನರ ಬಾಯಿಂದ ಅರ್ಥ್ ಇಲ್ಲದ ಒಂದೊಂದೇ ಮನೆಯ ಹೆಸರು ಹೊರಡಿಸಿದ್ದೆ. ನಮ್ಮ ಬೀದಿಯಲ್ಲೇ ಹನ್ನೊಂದು. ಪಟ್ಟಿಯನ್ನು ಅವಳಿಗೆ ಕೊಟ್ಟೆ. ಚೀಲ ಹೆಗಲಿಗೇರಿಸಿ ನೇರ ಎದುರುಮನೆಗೆ ಹೋದಳು. ಅರ್ಧ ಗಂಟೆಯೊಳಗೆ ಎದುರುಮನೆಯಾಕೆ ಬಂದು, ಒಂದು ಜೊತೆ ಹಳೇ ರಬ್ಬರ್ ಚಪ್ಪಲಿಯನ್ನು ನಮ್ಮ ಹೊಸ್ತಿಲಿಗೆ ಎಸೆದು, ಮಾತಿಲ್ಲದೆ ತಿರುಗಿ ನಡೆದಳು.

ನಾನು ಮೇಜಿನ ಮುಂದೆ ಕೂತು ಬರೆದೆ: “ಭಾವ ನಿಮ್ಮ ಮನೆಗೆ ಅರ್ಥ್ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ನೀನು ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತಿತ್ತು, ನಿನ್ನ ಗಂಡ ಹೋಗುತ್ತಿರಲಿಲ್ಲ. ಅವರಿಗೆ ಇದು ಗೊತ್ತಿತ್ತು. ನೀನು ಕೇಳಿದಾಗ ನಾನು ಸರಿಯಾಗಿ ವಿಚಾರಿಸಲಿಲ್ಲ. ನಿನಗೆ ಉತ್ತರವನ್ನೂ ಬರೆಯಲಿಲ್ಲ.”

“ನನ್ನ ಹೆಸರು ಹಾಕ್ತೀಯಾ?” ಮಂಚದಿಂದ ಕೇಳಿದರು.

“ನಿಮ್ಮದಲ್ದೆ ಇನ್ಯಾರದ್ದು ಹಾಕ್ಲಿ? ಸಿಡಿಲಿಂದಾ?”

“ಅವಳು ಪೊಲೀಸಿಗೆ ಹೋದ್ರೆ?”

“ಹೋಗ್ಲಿ.”

“ಈ ವಯಸ್ಸಲ್ಲಿ ನನ್ನ...”

“ಕೆಳಗೆ ನಿಮ್ಮದೂ ಒಂದು ಸಹಿ ಹಾಕಿ. ಬನ್ನಿ.”

ಅವರು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ನನ್ನ ಹೆಸರೊಂದನ್ನೇ ಬರೆದು ಕಾಗದ ಮಡಿಸಿದೆ.

ಆಸ್ಪತ್ರೆಯಲ್ಲಿ ಬಟ್ಟೆ ಇಳಿಸಿ, ಅಂಚೆ ಕಚೇರಿ ಮುಟ್ಟುವಾಗ ಕಿಟಕಿ ಮುಚ್ಚಲು ಹತ್ತು ನಿಮಿಷವಿತ್ತು.

“ಸಾದಾನಾ, ರಿಜಿಸ್ಟರಾ?” ಎಂದ ಗುಮಾಸ್ತ.

“ರಿಜಿಸ್ಟರ್ ಮಾಡಪ್ಪಾ. ಅವಳ ಕೈಗೇ ಸೇರಬೇಕು.”

ಅವನು ತೂಗಿದ, ಮೊಹರು ಒತ್ತಿದ, ಹಿಂದಿನ ಚೀಲಕ್ಕೆ ಹಾಕಿದ.