ಒದ್ದೆ ಟವಲಿನ ಭಾರ

ಮದುವೆಯಾದಾಗಿನಿಂದ ಸೆಲ್ಮರ್ ಹಿಡಿದು ತಂದ ಮೀನನ್ನೆಲ್ಲ ಕೊಯ್ದು ಕರಿದವಳು ನಾನು. ಹಿಡಿದವಳಲ್ಲ, ಹಿಡಿಯುವ ಆಸೆಯೂ ಇರಲಿಲ್ಲ. ಮಿಸೌರಿ ನದಿಯನ್ನು ಕಟ್ಟಿ ನಿಲ್ಲಿಸಿದ ಈ ಜಲಾಶಯದ ದಡದಲ್ಲಿದ್ದೂ ಒಂದು ವಾಲೈ ಮೀನು ಹಿಡಿದಿಲ್ಲವೇ ಎಂದು ನಮ್ಮ ಉತ್ತರ ಡಕೋಟಾದ ಜನ ನನ್ನ ಮುಖ ನೋಡುತ್ತಾರೆ. ನೋಡಲಿ, ನನಗೇನು. ಆದರೆ ಈ ಬೇಸಿಗೆ ನನ್ನ ಗಂಡನಿಗೆ ಅದೇನು ಹಿಡಿಯಿತೋ, ನನ್ನ ಕೈಯಲ್ಲಿ ಒಂದು ವಾಲೈ ಹಿಡಿಸಿಯೇ ಸಿದ್ಧ ಎಂದು ಗಂಟುಬಿದ್ದ. ಬೆಳಗಾದರೆ ಅದೇ ರಾಗ. ಕೊನೆಗೆ ಸಾಕಾಗಿ ಒಂದು ಒಪ್ಪಂದ ಮಾಡಿಕೊಂಡೆ. ಒಂದೇ ಒಂದು ಮೀನು. ಅದು ಸಿಕ್ಕ ಮೇಲೆ ದೋಣಿ ಹತ್ತು ಅನ್ನಕೂಡದು. ನನ್ನ ಟೊಮೆಟೊ ಗಿಡ, ಚರ್ಚಿನ ಹೆಂಗಸರ ಜೊತೆ ಕೌದಿ ಹೊಲಿಗೆ, ನನ್ನ ಪಾಡು ನನಗೆ. ಅವನು ಹೂಂ ಅಂದ.

ಆ ಒಂದು ಮೀನು ಮಾತ್ರ ಬರಲೊಲ್ಲದು. ಬಂದದ್ದು ಬರೀ ಬುದ್ಧಿಮಾತು. ನೀರು ತಣ್ಣಗೆ ಮಲಗಿದ ದಿನ ಹೊರಡೋಣ ಎಂದರೆ ಇವನಿಗೆ ಬೇಡ, ಗಾಳಿ ಎದ್ದು ಅಲೆ ಹೊಡೆಯುವ ದಿನವೇ ಆಗಬೇಕು, ಅಲೆ ಬಡಿಯುವ ದಡಕ್ಕೇ ವಾಲೈ ಮೇಯಲು ಬರುವುದಂತೆ. ನನ್ನ ಹೊಟ್ಟೆ ತೊಳಸಿದರೆ ಅದು ಲೆಕ್ಕಕ್ಕಿಲ್ಲ. ದಾರಕ್ಕೆ ಗಂಟು ಹಾಕುವುದು ನಾನೇ ಕಲಿಯಬೇಕು. ಕಲಿತೆ. ಆಮೇಲೆ ಅಭ್ಯಾಸವಾಗಲಿ ಎಂದು ಅವನ ದಾರಕ್ಕೂ ನಾನೇ. ಕೊಕ್ಕೆಗೆ ಜಿಗಣೆ ಚುಚ್ಚುವುದೂ ನಾನೇ, ನನ್ನದಕ್ಕೂ, ಅವನದಕ್ಕೂ. ಬಿಟ್ಟಿ ಆಳು ಸಿಕ್ಕಳಲ್ಲ ಎಂದು ನನ್ನ ಮೈ ಉರಿಯುತ್ತಿತ್ತು.

ಅವನಿಗಾದರೂ ಸಿಕ್ಕಿತೇ ಎಂದರೆ ಅದೂ ಇಲ್ಲ. ಊರಿಗೆಲ್ಲ ಮೀನು ಹಂಚುತ್ತಿದ್ದ ಮನುಷ್ಯ ಇಡೀ ಬೇಸಿಗೆ ಬರಿಗೈಯಲ್ಲಿ ವಾಪಸು. ತಪ್ಪೆಲ್ಲ ನನ್ನದು. ನಾನು ಕಾಲು ಸರಿಸಿದೆ, ಕಾಫಿ ಫ್ಲಾಸ್ಕಿನ ಮುಚ್ಚಳ ಕಟಕಟ ಅನ್ನಿಸಿದೆ, ಮೀನು ಹೆದರಿ ಓಡಿತು. ಪಕ್ಕದ ಮನೆಯ ಡುವೇನ್ ಬುಟ್ಟಿ ತುಂಬ ಮೀನು ತಂದ ದಿನ, ಎಲ್ಲಿ ಸಿಕ್ಕವು ಎಂದು ಕೇಳಿದೆ. ಅವನು ಇಡೀ ಜಲಾಶಯದತ್ತ ಕೈ ಬೀಸಿ, ಆ ಕಡೆ, ಅಂದ. ನನ್ನ ಹೊಟ್ಟೆ ಉರಿಯಿತು.

ಆಗಸ್ಟಿನ ಒಂದು ಬೆಳಿಗ್ಗೆ. ಗಾಳಿ ಬೀಸುತ್ತಿತ್ತು, ನೀರಡಿ ಮುಳುಗಿದ ಹಳೆಯ ನದಿಯ ಜಾಡಿನ ಅಂಚಿನಲ್ಲಿ ದೋಣಿ ತೂಗುತ್ತಿತ್ತು. ಸೆಲ್ಮರ್ ಮತ್ತೆ ಅದೇ ಪಾಠ ಶುರುಮಾಡಿದ.

"ವಾಲೈ ಎಳೆಯಲ್ಲ ಕಣೆ ಆರ್ಡಿಸ್. ಮೊದ್ಲು ಬೆರಳಿಗೆ ಟಕ್ ಅನ್ಸುತ್ತೆ. ಆಮೇಲೆ ಒದ್ದೆ ಟವಲ್ ಸಿಕ್ಕಾಕ್ಕೊಂಡ ಹಾಗೆ ಭಾರ, ಅಷ್ಟೆ. ಜಗ್ಗಬೇಡ, ಮೆಲ್ಲಗೆ ಎತ್ತು."

ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಅಷ್ಟು ದಿನವೂ ಟಕ್ ಅಂದ ಕೂಡಲೇ ಜಗ್ಗಿ ಕಳೆದುಕೊಂಡವಳು ನಾನು. ಅವತ್ತು ಬೇಸರಕ್ಕೆ ಗಾಳದ ಕೋಲನ್ನು ಸುಮ್ಮನೆ ಹಿಡಿದು ಕೂತೆ. ಟಕ್ ಅಂದಿತು. ಏನು ಬೇಕಾದರೂ ಆಗಲಿ ಎಂದು ಬಿಟ್ಟೆ. ನಿಧಾನಕ್ಕೆ ಭಾರವಾಯಿತು. ಮೆಲ್ಲಗೆ ಎತ್ತಿದೆ. ದಾರದ ತುದಿಯ ಭಾರ ತಲೆ ಕೊಡವಿತು. ಸೆಲ್ಮರ್ ಬಲೆ ಹಿಡಿದು ಬಾಗಿದ, ಮೀನು ದೋಣಿಯೊಳಗೆ ಬಿದ್ದು ಪಟಪಟನೆ ಬಡಿದುಕೊಂಡಿತು. ಚಿನ್ನದ ಬಣ್ಣ, ಗಾಜಿನ ಕಣ್ಣು. ನನಗೇ ಗೊತ್ತಿಲ್ಲದೆ ನಗು ಬಂತು.

"ಟಕ್ ಅಂದಿದ್ದು ಗೊತ್ತಾಯ್ತಾ?" ಅಂತ ಕೇಳಿದ.

"ಗೊತ್ತಾಯ್ತು. ನೀನು ಹೇಳಿದ ಹಾಗೇ ಇತ್ತು."

ಅವನು ತುಂಬ ಹೊತ್ತು ಮೀನನ್ನೇ ನೋಡಿದ. ನಾನು ಬಿಡುಗಡೆಯಾದವಳು, ಇನ್ನು ಮನೆಗೆ ನಡಿ ಅಂದೆ. ಒಂದೇ ಸಲ ಗಾಳ ಹಾಕುತ್ತೇನೆ ಅಂದ. ಹಾಳಾಗಲಿ ಎಂದು ಅವನ ಕೊಕ್ಕೆಗೆ ಜಿಗಣೆ ಚುಚ್ಚಿ ಕೊಟ್ಟು, ಕಾಫಿ ಬಗ್ಗಿಸಿಕೊಂಡು ಕೂತೆ.

ಈ ಬೇಸಿಗೆಯಲ್ಲಿ ನನ್ನ ದಾರ ಬಿಟ್ಟು ಅವನನ್ನು ನೋಡಿದ್ದು ಅದೇ ಮೊದಲು. ಮೀನಿನ ಕೆನ್ನೆಯ ಮಾಂಸ ಬೇರೆ ತೆಗೆದಿಡು, ಅದೇ ರುಚಿ, ಎಂದು ನನಗೇ ಹೇಳಿಕೊಡುತ್ತಿದ್ದ. ಅಷ್ಟರಲ್ಲಿ ಅವನ ಕೋಲಿನ ತುದಿ ಚಿಕ್ಕದಾಗಿ ಅದುರಿತು. ಆಮೇಲೆ ಬಾಗಿ, ಬಾಗಿದಂತೆಯೇ ನಿಂತಿತು. ಅವನು ಕೆನ್ನೆಯ ಮಾತೇ ಆಡುತ್ತಿದ್ದ. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಅಂದುಕೊಂಡೆ. ತುದಿ ನೆಟ್ಟಗಾಯಿತು. ಸ್ವಲ್ಪ ಹೊತ್ತಿನ ಮೇಲೆ ದಾರ ಸುತ್ತಿಕೊಂಡ. ಕೊಕ್ಕೆ ಬೋಳು.

ಇವತ್ತು ಕಚ್ಚುತ್ತಿಲ್ಲ ಎಂದು ಹೇಳಿ ಕೊಕ್ಕೆಯನ್ನು ನನ್ನ ಕಡೆ ಚಾಚಿದ.

ಆಗ ತಿಳಿಯಿತು. ಆ ಗಂಟು, ಆ ಜಿಗಣೆ, ಭಾನುವಾರ ನನ್ನಿಂದ ಹಾಕಿಸಿಕೊಳ್ಳುವ ಅಂಗಿಯ ಗುಂಡಿ. ಅವನ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಹೋಗುತ್ತದೆ ಎಂದು ಡಾಕ್ಟರ್ ಹೇಳಿದ್ದರು, ದಿನಾ ಸಂಜೆ ಅವನ ಪಾದ ನೋಡುತ್ತಿದ್ದೆ. ಕೈ ನೋಡಿರಲಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಡೀ ಬೇಸಿಗೆ ತಪ್ಪನ್ನೆಲ್ಲ ನನ್ನ ಫ್ಲಾಸ್ಕಿನ ಮುಚ್ಚಳದ ಮೇಲೆ ಹಾಕಿದನಲ್ಲ.

"ಬೆರಳಿಗೆ ಏನೂ ಗೊತ್ತಾಗ್ತಿಲ್ಲ ಅಲ್ವಾ ನಿಂಗೆ?"

ಅವನು ನೀರಿನ ಕಡೆ ತಿರುಗಿದ. "ಚಳಿಗಾಲದಿಂದ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ಹೇಳಿ ಏನ್ಮಾಡೋದು. ಆ ಟಕ್ ಅನ್ನೋದು ಹೇಗಿರುತ್ತೆ ಅಂತ ಮನೇಲಿ ಒಬ್ರಿಗಾದ್ರೂ ಗೊತ್ತಿರ್ಲಿ ಅನ್ನಿಸ್ತು." ಕೋಲನ್ನು ಕೆಳಗಿಟ್ಟ. "ನಡಿ, ಒಪ್ಪಂದ ಅಂದ್ರೆ ಒಪ್ಪಂದ. ಇನ್ನು ಕರೆಯಲ್ಲ ನಿನ್ನ."

ಮೋಟರಿನ ಕಡೆ ಹೋದವನ ತೋಳು ಹಿಡಿದು ಕೂರಿಸಿದೆ. ಕೊಕ್ಕೆಗೆ ಜಿಗಣೆ ಚುಚ್ಚಿ, ಗಾಳ ಎಸೆದು, ಕೋಲನ್ನು ಅವನ ಕೈಗಿಟ್ಟೆ. ಮಾತಾಡಬೇಡ ಅಂದೆ. ಕೋಲಿನ ತುದಿಯಿಂದ ಕಣ್ಣು ತೆಗೆಯಲಿಲ್ಲ. ಕಾಫಿ ಆರಿಹೋಯಿತು. ತುದಿ ಅದುರಿತು, ಬಾಗಿತು, ನಿಂತಿತು.

"ಈಗ ಎತ್ತು. ಮೆಲ್ಲಗೆ."

ಅವನು ಗಾಬರಿಯಲ್ಲಿ ಜಗ್ಗಿಬಿಟ್ಟ. ಮೀನು ಹೋಯಿತು.

"ಜಗ್ಗಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ" ಎಂದು ರೇಗಿದೆ. ಅವನು ಬೈಸಿಕೊಂಡು ನಕ್ಕ, ಮೂಗು ಒರೆಸಿಕೊಂಡ. ಇನ್ನೊಂದು ಜಿಗಣೆಗಾಗಿ ಡಬ್ಬಿಗೆ ಕೈಹಾಕಿದೆ. ತಳದಲ್ಲಿ ನಾಲ್ಕೋ ಐದೋ ಉಳಿದಿದ್ದವು. ಹೋಗುವಾಗ ಅಂಗಡಿಯ ಹತ್ತಿರ ನಿಲ್ಲಿಸು, ನಾಳೆಗೆ ಇಷ್ಟು ಸಾಲುವುದಿಲ್ಲ ಅಂದೆ.