ಒಂದು, ಎರಡು, ಹೂಂ

ಜಿಮ್ಮಿನ ಫಾರ್ಮಿನಲ್ಲಿ ‘ನಿಮ್ಮ ಗುರಿ’ ಎಂಬುದರ ಮುಂದೆ ಮೂರೇ ಚೌಕಗಳಿದ್ದವು: ತೂಕ ಇಳಿಸುವುದು, ಮೈಕಟ್ಟು ಬೆಳೆಸುವುದು, ಆರೋಗ್ಯ ಕಾಪಾಡುವುದು. ಕೆಲಸ ಉಳಿಸಿಕೊಳ್ಳುವುದು ಎಂಬ ಚೌಕ ಇರಲಿಲ್ಲ. ನಾನು ಪೆನ್ನು ಹಿಡಿದು ಹುಡುಕುತ್ತಿರುವಾಗಲೇ ಟ್ರೈನರ್ ಮೇಜಿನ ಆಚೆಯಿಂದ ಬಾಗಿ ಮೊದಲನೆಯ ಚೌಕಕ್ಕೆ ತಾನೇ ಗುರುತು ಹಾಕಿದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೆಳಗೆ ‘ದಿನದ ಕೆಲಸ’ ಎಂದಿದ್ದಲ್ಲಿ ‘ಗೃಹಿಣಿ, ಹಗುರ ಓಡಾಟ’ ಎಂಬುದಕ್ಕೂ ಹಾಕಿದ.

“ಇದನ್ನ ನಿನಗ್ಯಾರಪ್ಪ ಹೇಳಿದ್ದು?”

“ನಿಮ್ಮ ವಯಸ್ಸಿನೋರೆಲ್ಲ ಅದಕ್ಕೇ ಬರೋದು ಆಂಟಿ.”

“ಆಂಟಿ ಅನ್ಬೇಡ. ನಾನು ಆಸ್ಪತ್ರೆಯ ವಾರ್ಡಲ್ಲಿ ರೋಗಿಗಳನ್ನ ಎತ್ತೋಳು. ಹತ್ತೊಂಬತ್ತು ವರ್ಷ ಆಯ್ತು. ನಿನ್ನಂಥೋರನ್ನ ದಿನಕ್ಕೆ ಹದಿನಾಲ್ಕು ಸಲ ಎತ್ತಿ ಇಳಿಸ್ತೀನಿ. ಅವರು ಬೇರೆ ಕೈಕಾಲು ಒದರ್ತಾ ಇರ್ತಾರೆ.”

ಅವನು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ. ಇಪ್ಪತ್ತಾರು ವರ್ಷವಿರಬೇಕು. ಕುತ್ತಿಗೆಗಿಂತ ತೋಳು ದಪ್ಪ. “ಹಾಗಾದ್ರೆ ಇಲ್ಲಿಗ್ಯಾಕೆ ಬಂದ್ರಿ?” ಎಂದ.

ಅದೇ ಪ್ರಶ್ನೆಯನ್ನು ನಾನು ಮೂರು ದಿನದಿಂದ ಹಲ್ಲು ಕಚ್ಚಿಕೊಂಡು ಕೇಳಿಕೊಳ್ಳುತ್ತಿದ್ದೆ.

ಆಸ್ಪತ್ರೆಯಲ್ಲಿ ಸುತ್ತೋಲೆ ಬಂದಿತ್ತು. ನಲವತ್ತು ದಾಟಿದ ವಾರ್ಡ್ ಸಹಾಯಕಿಯರೆಲ್ಲ ಮೂವತ್ತು ಕೆಜಿಯ ಪೆಟ್ಟಿಗೆಯೊಂದನ್ನು ನೆಲದಿಂದ ಮೇಜಿನ ಮೇಲಕ್ಕೆ ಮೂರು ಸಲ ಎತ್ತಿ ತೋರಿಸಬೇಕು. ಒಬ್ಬರೇ ಎತ್ತಬೇಕು. ಆಗದವರು ವಾರ್ಡು ಬಿಟ್ಟು ನೆಲಮಾಳಿಗೆಯ ಬಟ್ಟೆ ಕೋಣೆಗೆ ಹೋಗಬೇಕು, ಹಾಸಿಗೆಯ ಹೊದಿಕೆ ಎಣಿಸುತ್ತ ಕೂರಬೇಕು. ಗಡುವು ಆರು ವಾರ. ಕೆಳಗೆ ಸೂಪರ್‌ವೈಸರ್ ಸಹಿ. ನಮ್ಮ ವಾರ್ಡಿನ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ‘ರೋಗಿಯನ್ನು ಯಾರೂ ಒಬ್ಬರೇ ಎತ್ತಬಾರದು’ ಎಂದು ಬರೆಸಿದವರೂ ಅವರೇ.

ನಾನೂ ಅಕ್ಕನೂ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದೆವು. ಅಕ್ಕ ನನ್ನ ಒಡಹುಟ್ಟಿದವಳಲ್ಲ, ಜೊತೆ ಕೆಲಸದವಳು. ನನಗಿಂತ ಹತ್ತು ವರ್ಷ ದೊಡ್ಡವಳು. ವಾರ್ಡಿನವರು ನಮ್ಮನ್ನು ಜೋಡೆತ್ತು ಎನ್ನುತ್ತಾರೆ. ರೋಗಿಯ ತಲೆಯ ಕಡೆ ನಾನು, ಕಾಲಿನ ಕಡೆ ಅವಳು. ನಾನು “ಒಂದು, ಎರಡು” ಅನ್ನುತ್ತೇನೆ. ಅವಳು “ಹೂಂ” ಅನ್ನುತ್ತಾಳೆ. ಆ ಹೂಂ ಕಿವಿಗೆ ಬೀಳುವವರೆಗೆ ನನ್ನ ಕೈ ಮೇಲೇಳುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಬೇರೊಬ್ಬಳ ಜೊತೆ ಎತ್ತುವಾಗ ಉತ್ತರಕ್ಕೆ ಕಾಯದೆ ಎತ್ತಿಬಿಟ್ಟಿದ್ದೆ. ಅವಳಿನ್ನೂ ಹಿಡಿದಿರಲಿಲ್ಲ. ಮುದುಕನೊಬ್ಬನ ಮೈ ನನ್ನ ಕೈಯಲ್ಲಿ, ಕಾಲು ಹಾಸಿಗೆಯಲ್ಲಿ. ಅವನ ಸೊಂಟ ತಿರುಚಿತು. ಅವನು ಕೂಗಲಿಲ್ಲ, ನನ್ನ ಮುಖವನ್ನೇ ನೋಡುತ್ತ ಮಗುವಿನ ಹಾಗೆ ಅತ್ತ. ಅಂದಿನಿಂದ ಹೂಂ ಇಲ್ಲದೆ ಎತ್ತುವುದಿಲ್ಲ.

ಈಗ ಪೆಟ್ಟಿಗೆ ಎತ್ತಿ ತೋರಿಸಬೇಕಂತೆ. ಯಾವ ರೋಗಿ ಪೆಟ್ಟಿಗೆಯ ಆಕಾರದಲ್ಲಿರುತ್ತಾನೆ? ಆದರೂ ನಮ್ಮಿಬ್ಬರಲ್ಲಿ ಒಬ್ಬಳು ನೆಲಮಾಳಿಗೆಗೆ ಹೋದರೂ ಜೋಡಿ ಮುರಿದಂತೆ. ನನಗೆ ಬೇಕಿದ್ದದ್ದು ಇಷ್ಟೇ: ನಾನು ತಲೆಯ ಕಡೆ, ಅಕ್ಕ ಕಾಲಿನ ಕಡೆ. ಅದಕ್ಕೆ ಜಿಮ್ಮಿಗೆ ಬಂದೆ.

ಅಕ್ಕನನ್ನೂ ಕರೆದೆ. “ಹೋಗೇ! ಕನ್ನಡಿ ಮುಂದೆ ನಿಂತು ಕಬ್ಬಿಣ ಎತ್ತೋಕೆ ನನಗೇನು ತಲೆ ಕೆಟ್ಟಿದ್ಯಾ?” ಎಂದು ಉಗಿದಳು. “ಆ ಸುತ್ತೋಲೆ ಬರೆದೋನು ಒಂದು ಬೆಡ್‌ಪ್ಯಾನ್ ಎತ್ತಿ ತೋರಿಸ್ಲಿ ಮೊದ್ಲು.”

ಮನೆಯಲ್ಲಿ ಬೇರೆ ತಮಾಷೆ. ಮಗಳು ತನ್ನ ಹಳೆಯ ಕ್ಯಾನ್ವಾಸ್ ಶೂ ಕೊಟ್ಟಳು. ಒಂದು ಅಳತೆ ದೊಡ್ಡದು, ಮುಂದೆ ಹತ್ತಿ ತುರುಕಿಕೊಂಡೆ. ಗಂಡ ಕೈಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ, “ಇನ್ಮೇಲೆ ಗ್ಯಾಸ್ ಸಿಲಿಂಡರ್ ನೀನೇ ಒಳಗೆ ತಂದುಬಿಡು” ಎಂದ.

“ಇಷ್ಟು ದಿನ ಯಾರು ತರ್ತಿದ್ರು?”

ಅವನು ಮತ್ತೆ ಗಡಿಯಾರದೊಳಕ್ಕೆ ಬಗ್ಗಿದ.

ಮೊದಲ ದಿನ ಟ್ರೈನರ್ ನನ್ನ ಕೈಗೆ ಕೊಟ್ಟದ್ದು ಗುಲಾಬಿ ಬಣ್ಣದ ಎರಡು ಡಂಬಲ್‌ಗಳು. ಒಂದೊಂದು ಒಂದು ಕೆಜಿ. ನನ್ನ ಕೈಚೀಲದ ನೀರಿನ ಬಾಟಲಿಯೂ ಅಷ್ಟೇ ತೂಗುತ್ತದೆ. ಪಕ್ಕದಲ್ಲಿ, ಕನ್ನಡಿಯಲ್ಲಿ ತನ್ನನ್ನೇ ಮೆಚ್ಚಿಕೊಳ್ಳುತ್ತಿದ್ದ ಗಂಡಸೊಬ್ಬ ಕಪ್ಪು ಕಬ್ಬಿಣ ಎತ್ತಿ, ದಡಾರನೆ ನೆಲಕ್ಕೆ ಬಿಟ್ಟ. ನಾನು ಬೆಚ್ಚಿಬಿದ್ದೆ. ಎತ್ತಿದ್ದನ್ನು ಬಿಡುವುದೆಂದರೇನು? ನಮ್ಮಲ್ಲಿ ಎತ್ತುವುದು ಅರ್ಧ ಕೆಲಸ, ಇಳಿಸುವುದು ಇನ್ನರ್ಧ. ನಾನು ಡಂಬಲ್‌ಗಳನ್ನು ಮಲಗಿಸಿ, ಉರುಳದಂತೆ ಬದಿಗೆ ಟವೆಲ್ ಮಡಿಸಿ ಇಟ್ಟೆ.

“ಜೋಗುಳಾನೂ ಹಾಡಿಬಿಡಿ ಆಂಟಿ” ಎಂದ ಟ್ರೈನರ್.

ಹತ್ತು ಸಲ ಕೂತೇಳು ಎಂದ, ಕೂತೆದ್ದೆ. ಇನ್ನೂ ಹತ್ತು ಎಂದ. ಹಲಗೆಯ ಹಾಗೆ ಮೊಣಕೈ ಮೇಲೆ ಮಲಗು ಎಂದ, ಹದಿನೆಂಟು ಸೆಕೆಂಡಿಗೆ ಕುಸಿದೆ. ಮಾರನೆಯ ಬೆಳಿಗ್ಗೆ ಮೆಟ್ಟಿಲು ಇಳಿಯಲಾಗದೆ ಗೋಡೆ ಹಿಡಿದು, ಪಕ್ಕಕ್ಕೆ ತಿರುಗಿ, ಏಡಿಯ ಹಾಗೆ ಇಳಿದೆ. ಆಗ ಸಿಟ್ಟು ಬಂದದ್ದು ಟ್ರೈನರ್ ಮೇಲಲ್ಲ, ನನ್ನ ತೊಡೆಗಳ ಮೇಲೆ. ಹತ್ತೊಂಬತ್ತು ವರ್ಷ ನನ್ನ ಜೊತೆ ದುಡಿದು, ಒಂದು ಬೆಳಿಗ್ಗೆಯ ಕೂತೇಳುವಿಕೆಗೆ ನನಗೇ ತಿರುಗಿಬಿದ್ದಿದ್ದವು. ಮಲಗಿದವರನ್ನು ಎತ್ತುವಾಗ ಭಾರ ಯಾವಾಗಲೂ ಅರ್ಧವೇ ಇತ್ತಲ್ಲ, ಉಳಿದರ್ಧ ಅಕ್ಕನದು. ಅದು ನನಗೆ ಗೊತ್ತಾದದ್ದೇ ಆಗ. ಗೊತ್ತಾಗಿ ಇನ್ನಷ್ಟು ಉರಿಯಿತು.

ಎರಡನೆಯ ವಾರ ಉದ್ದನೆಯ ಬಾರ್ ಕೊಟ್ಟ. ಬರೀ ಸರಳು ಇಪ್ಪತ್ತು ಕೆಜಿ. “ಬೆನ್ನು ನೆಟ್ಟಗೆ. ಮೊಣಕಾಲು ಬಗ್ಗಿಸಿ. ಮೈಗೆ ಅಂಟಿಸ್ಕೊಂಡು ಎತ್ತಿ.” ಇದು ನನಗೆ ಗೊತ್ತಿದ್ದ ವಿದ್ಯೆ. ಬಗ್ಗಿದೆ. ಹಿಡಿದೆ. “ಒಂದು, ಎರಡು” ಎಂದೆ.

ಎಂದು, ನಿಂತೆ.

“ಯಾಕೆ ನಿಂತ್ರಿ?”

“ಕಾಯ್ತಿದೀನಿ.”

“ಯಾರಿಗೆ?”

ಹೇಳಿದರೆ ನಗುತ್ತಾನೆಂದು ಗೊತ್ತಿತ್ತು. ಹೇಳಿದೆ. ನಕ್ಕ. ಅವನು ನಕ್ಕಿದ್ದಲ್ಲದೆ ಊರಿಗೆಲ್ಲ ಸಾರಿದ. ಮಾರನೆಯ ದಿನದಿಂದ ನಾನು ಬಗ್ಗಿದರೆ ಸಾಕು, ಮೂರು ಮೂಲೆಯಿಂದ ಗಂಡಸರು “ಹೂಂ! ಹೂಂ!” ಎನ್ನತೊಡಗಿದರು. ನನ್ನ ಕೈಗೆ ನಿಜದ ಹೂಂ ಯಾವುದು, ಅಣಕದ್ದು ಯಾವುದು ಎಂದು ಚೆನ್ನಾಗಿ ಗೊತ್ತು. ಬಾರ್ ಅಲ್ಲಾಡಲಿಲ್ಲ.

ನಾಲ್ಕನೆಯ ದಿನ ಸರಳನ್ನು ಬಿಟ್ಟು ನೆಟ್ಟಗೆ ನಿಂತೆ. “ನಿಮ್ಮಲ್ಲಿ ಯಾರಾದ್ರೂ ಕಾಲು ಮುರ್ಕೊಂಡು ಮಲಗಿದಾಗ ನನ್ನ ಹತ್ರಾನೇ ಬರೋದು, ನೆನಪಿರ್ಲಿ” ಎಂದೆ. ಆಮೇಲೆ ಆ ಮುದುಕನ ಸೊಂಟದ ಕಥೆಯನ್ನು ಪೂರ್ತಿ ಹೇಳಿದೆ, ಅವನು ಅತ್ತದ್ದನ್ನೂ ಬಿಡಲಿಲ್ಲ. ಕನ್ನಡಿ ನೋಡಿಕೊಳ್ಳುತ್ತಿದ್ದವನು ಕೂಡ ತಿರುಗಿ ಕೇಳಿದ. ಯಾರೋ ಹಾಡು ನಿಲ್ಲಿಸಿದರು.

ಟ್ರೈನರ್ ಬಂದು ಸರಳಿನ ಎದುರು ಮೊಣಕಾಲೂರಿ ಕೂತ. “ಹೇಳಿ ಅಕ್ಕ” ಎಂದ. ಆಂಟಿ ಅಲ್ಲಿಗೆ ಮುಗಿಯಿತು.

“ಒಂದು, ಎರಡು.”

“ಹೂಂ.”

ಸರಳು ಮೇಲೆದ್ದು ಬಂತು. ನಾಲ್ಕನೆಯ ವಾರಕ್ಕೆ ಇಪ್ಪತ್ತೇಳು ಕೆಜಿ. ಐದಕ್ಕೆ ಮೂವತ್ತೆರಡು. ಪ್ರತಿ ಸಲ ಅವನು ಎದುರು ಕೂತು ಹೂಂ ಅನ್ನಬೇಕು. ಆರನೆಯ ವಾರದ ಕೊನೆಯ ದಿನ ಕೂರಲಿಲ್ಲ. ಬೆನ್ನು ತಿರುಗಿಸಿ ನಿಂತ.

“ಒಂದು, ಎರಡು” ಎಂದೆ. ಕಾದೆ. “ಏನಪ್ಪಾ?”

“ಅಲ್ಲಿ ನಾನಿರಲ್ಲ ಅಕ್ಕ. ಯಾರೂ ಇರಲ್ಲ.”

ಯಾರೂ ಇರಲ್ಲ. ಅದನ್ನೇ ಅಲ್ಲವೇ ಅವರು ಪರೀಕ್ಷಿಸುತ್ತಿರುವುದು! ಯಾರೂ ಇಲ್ಲದಿದ್ದರೆ ಇವಳು ಎಷ್ಟು ಹೊರುತ್ತಾಳೆ ಎಂದು. ತಲೆಯಲ್ಲಿ ಏನೋ ಸುರ್ರೆಂದಿತು. ಎತ್ತಿದೆ. ಮೂರು ಸಲ ಎತ್ತಿ, ಮೂರು ಸಲ ಸದ್ದಿಲ್ಲದೆ ಇಳಿಸಿದೆ.

“ಸಿಟ್ಟು ಬಂದ್ರೆ ಎತ್ತುತೀರಲ್ಲ!”

“ಸಿಟ್ಟು ಬರದ ದಿನ ಯಾವುದಿದೆ?”

ಪರೀಕ್ಷೆ ನಡೆದದ್ದು ಎಕ್ಸ್‌ರೇ ಕೋಣೆಯ ಹೊರಗಿನ ಕಾರಿಡಾರಿನಲ್ಲಿ. ಸಲೈನ್ ಬಾಟಲಿ ತುಂಬಿ ಟೇಪು ಸುತ್ತಿದ ರಟ್ಟಿನ ಪೆಟ್ಟಿಗೆ, ಹಿಡಿಯಲು ಹಿಡಿಯೂ ಇಲ್ಲ. ಸೂಪರ್‌ವೈಸರ್ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದರು. ಸಾಲಿನಲ್ಲಿ ಅಕ್ಕ ನನಗಿಂತ ಮುಂದೆ. ಎರಡು ಸಲ ಎತ್ತಿಬಿಟ್ಟಳು, ಬರೀ ಹಟದಿಂದ. ಮೂರನೆಯ ಸಲ ಬಗ್ಗಿದವಳು ಹಾಗೇ ನಿಂತಳು. ಕೈ ಪೆಟ್ಟಿಗೆಯ ಅಡಿಯಲ್ಲಿ, ಮುಖ ಎದುರಿನ ಖಾಲಿ ಗೋಡೆಯತ್ತ. ಏನಕ್ಕೆ ಕಾಯುತ್ತಿದ್ದಾಳೆಂದು ಆ ಕಾರಿಡಾರಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

“ಒಂದು, ಎರಡು” ಎಂದೆ ಸಾಲಿನಿಂದಲೇ.

“ಹೂಂ” ಎಂದಳು ಅಕ್ಕ. ಪೆಟ್ಟಿಗೆ ಮೇಜಿನ ಮೇಲಿತ್ತು.

ಸೂಪರ್‌ವೈಸರ್ ಎದ್ದು ನಿಂತರು. “ಇದು ನಡೆಯಲ್ಲ! ಹೊರಗಿನ ಸಹಾಯ ತಗೊಂಡಿದಾರೆ.”

“ನಾನು ಮುಟ್ಟಿಲ್ಲ ಸಾರ್.”

“ಎಣಿಸಿದ್ರಲ್ಲ?”

“ಒಂದು, ಎರಡು ಅನ್ನೋದು ಎಷ್ಟು ಕೆಜಿ ಸಾರ್? ಅಷ್ಟನ್ನ ಕಳೆದು ಬರ್ಕೊಳ್ಳಿ.”

ಕಾರಿಡಾರಿಗೆ ಕಾರಿಡಾರೇ ನಕ್ಕಿತು. ಅವರು ಮುಖ ಕೆಂಪಾಗಿಸಿಕೊಂಡು ಅಕ್ಕನ ಹೆಸರಿಗೆ ಗುರುತು ಹಾಕಿದರು. ನನ್ನ ಸರದಿಗೆ ಎಲ್ಲರೂ ಬಾಯಿ ಮುಚ್ಚಬೇಕೆಂದು ಅಪ್ಪಣೆಯಾಯಿತು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ನಾನು ಮೂರು ಸಲ ಎತ್ತಿದೆ. ಒಬ್ಬಳೇ. ಚೂರೂ ನಡುಗದೆ.

ಅದೇ ತಪ್ಪಾಯಿತು.

ಮುಂದಿನ ವಾರ ಹೊಸ ಸುತ್ತೋಲೆ ಬಂತು. ‘ಸಹಾಯಕಿಯರು ತಲಾ ಮೂವತ್ತು ಕೆಜಿಯನ್ನು ಒಬ್ಬರೇ ಎತ್ತಬಲ್ಲರೆಂದು ಸಾಬೀತಾಗಿರುವುದರಿಂದ, ಸೋಮವಾರದಿಂದ ವಾರ್ಡಿಗೆ ಒಬ್ಬರು ಸಾಕು.’ ನಾನು ಇಲ್ಲಿ, ಅಕ್ಕ ಮೇಲಿನ ಮಹಡಿಯಲ್ಲಿ. ಆ ಹಾಳೆಯನ್ನು ತಂದು ಅಂಟಿಸಿದ್ದು ಎಲ್ಲಿ? ಗೋಡೆಯ ಕೆಂಪು ಅಕ್ಷರಗಳ ಮೇಲೆಯೇ. ‘ರೋಗಿಯನ್ನು’ ಎಂಬುದೊಂದು ಅಂಚಿನಲ್ಲಿ ಇಣುಕುತ್ತಿತ್ತು.

ಆರು ವಾರ ಹತ್ತಿ ತುರುಕಿದ ಶೂ ಹಾಕಿಕೊಂಡು, ಏಡಿಯ ಹಾಗೆ ಮೆಟ್ಟಿಲಿಳಿದು, ನಾನು ಬೆಳೆಸಿಕೊಂಡದ್ದು ಇದನ್ನೇ. ಅವರಿಗೆ ಬೇಕಿದ್ದ ಪುರಾವೆಯನ್ನು ನಾವೇ ಕೈಯಾರೆ ಎತ್ತಿ ಅವರ ಮೇಜಿನ ಮೇಲಿಟ್ಟಿದ್ದೆವು.

ಅಕ್ಕ ಸುತ್ತೋಲೆ ಓದಿದಳು. ಸೋಮವಾರ ತನ್ನ ಊಟದ ಡಬ್ಬಿ ಎತ್ತಿಕೊಂಡು ಮಹಡಿ ಹತ್ತಿದಳು.

ಅವತ್ತೇ ಬೆಳಿಗ್ಗೆ ಏಳನೆಯ ಹಾಸಿಗೆಯ ನಿವೃತ್ತ ಮೇಷ್ಟ್ರನ್ನು ಎಕ್ಸ್‌ರೇಗೆ ಕರೆದೊಯ್ಯಬೇಕಿತ್ತು. ಎಂಬತ್ತನಾಲ್ಕು ಕೆಜಿ, ಸೊಂಟದ ಮೂಳೆಯಲ್ಲಿ ಬಿರುಕು. ಸ್ಟ್ರೆಚರನ್ನು ಹಾಸಿಗೆಗೆ ತಾಗಿಸಿ, ಚಕ್ರಕ್ಕೆ ಲಾಕ್ ಹಾಕಿದೆ. ತಲೆಯ ಕಡೆ ನಿಂತು, ಅವರ ಮೈಯಡಿಯ ಕೆಳಹಾಸಿನ ಎರಡು ತುದಿಯನ್ನು ಮುಷ್ಟಿಗೆ ಸುತ್ತಿಕೊಂಡೆ. “ಒಂದು, ಎರಡು” ಎಂದೆ.

ಕಾಲಿನ ಕಡೆ ಯಾರೂ ಇರಲಿಲ್ಲ. ನಾನು ಎತ್ತಲಿಲ್ಲ.

ಎಕ್ಸ್‌ರೇಯವರು ಎರಡು ಸಲ ಫೋನು ಮಾಡಿದರು. ನರ್ಸ್ ಬಂದು ನೋಡಿ ಹೋದಳು. ಕೊನೆಗೆ ಸೂಪರ್‌ವೈಸರ್ ಬಂದರು. “ಯಾಕೆ ಇನ್ನೂ ಎತ್ತಿಲ್ಲ? ಪರೀಕ್ಷೆ ಪಾಸಾಗಿದೀರಲ್ಲ?”

“ಪೆಟ್ಟಿಗೆ ಎತ್ತಿ ಪಾಸಾಗಿದೀನಿ ಸಾರ್. ಇವರು ಪೆಟ್ಟಿಗೆ ಅಲ್ಲ.”

“ಅಲ್ಲಪ್ಪ” ಎಂದರು ಮೇಷ್ಟ್ರು ಮಲಗಿದಲ್ಲಿಂದಲೇ, “ನನ್ನ ಹೆಂಡತಿ ಮೂಟೆ ಅಂತಿದ್ಲು, ಪೆಟ್ಟಿಗೆ ಅಂತ ಯಾರೂ ಅಂದಿಲ್ಲ.”

ಸೂಪರ್‌ವೈಸರ್ ನಗಲಿಲ್ಲ. “ಮೇಲಿಂದ ಆಕೆಯನ್ನೇ ಸ್ವಲ್ಪ ಹೊತ್ತು ಕರೆಸ್ತೀನಿ” ಎಂದು ಫೋನು ತೆಗೆದರು. ಮಾತಾಡಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು. ಫೋನು ಇಟ್ಟಾಗ ಮುಖ ಇಳಿದಿತ್ತು.

“ಏನಂತೆ ಸಾರ್?”

“ಅಲ್ಲೂ ಎತ್ತಿಲ್ಲವಂತೆ. ರೋಗಿಯ ಕಾಲ ಹತ್ರ ನಿಂತು, ಎಣಿಸೋರು ಬರ್ಲಿ ಅಂತ ಕಾಯ್ತಿದಾಳಂತೆ. ಬೆಳಿಗ್ಗೆಯಿಂದ.”

ನನ್ನ ಎದೆ ಒಂದು ಅಂಗೈಯಗಲ ಹಿಗ್ಗಿತು. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

“ನಿಮ್ಮಿಬ್ಬರ ಮೇಲೂ ರಿಪೋರ್ಟ್ ಬರೀತೀನಿ.”

“ಬರೀರಿ. ಆಮೇಲೆ ಬರೀರಿ. ಈಗ ಇವರ ಕಾಲಿನ ಕಡೆ ಬನ್ನಿ.”

ಅವರು ಸುತ್ತ ನೋಡಿದರು. ಹದಿನಾಲ್ಕು ಹಾಸಿಗೆಗಳೂ ಅವರನ್ನೇ ನೋಡುತ್ತಿದ್ದವು. ಅಂಗಿಯ ತೋಳು ಮಡಿಸಿಕೊಂಡು ಬಂದು, ಕೆಳಹಾಸಿನ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದರು.

“ಹಾಗಲ್ಲ ಸಾರ್. ಮುಷ್ಟಿಗೆ ಸುತ್ಕೊಳ್ಳಿ. ಬೆನ್ನು ನೆಟ್ಟಗೆ. ಮೊಣಕಾಲು ಬಗ್ಗಿಸಿ. ನಾನು ಎಣಿಸಿದ ಮೇಲೆ ನೀವು ಹೂಂ ಅನ್ನಬೇಕು.”

“ಅದೆಲ್ಲ ಯಾಕೆ? ಎತ್ತಿ ಸುಮ್ನೆ.”

“ಹೂಂ ಅಂದ್ರೆ ಎತ್ತುತೀನಿ.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೈಗಳನ್ನು ಎದೆಯ ಮೇಲೆ ಜೋಡಿಸಿಟ್ಟುಕೊಂಡರು. ನಾನು ಸೂಪರ್‌ವೈಸರ್ ಮುಖವನ್ನೇ ನೋಡುತ್ತ, “ಒಂದು, ಎರಡು” ಎಂದೆ.

ಅವರ ತುಟಿ ಅಲುಗಿತು.

“ಕೇಳಿಸಲಿಲ್ಲ ಸಾರ್” ಎಂದೆ. ಮುಷ್ಟಿ ಸಡಿಲಿಸದೆ ಮತ್ತೆ ಮೊದಲಿಂದ ಶುರು ಮಾಡಿದೆ.