ಬಣ್ಣದಮ್ಮನ ಶಾಪ

ಶವ ಹೊತ್ತವರು ಮೈದಾನದ ಗೇಟಿನ ಹತ್ತಿರ ಹೆಜ್ಜೆ ನಿಧಾನಿಸಿದರು. ಎಲ್ಲರೂ ಊರಿನ ಫುಟ್‌ಬಾಲ್ ತಂಡದವರೇ. ಹಿಂದೆ ಬರುತ್ತಿದ್ದ ಮಗಳಿಗೆ ಅವರ ಪಿಸುಮಾತು ಕೇಳಿಸಿತು.

"ಇವತ್ತಿನ ಫೈನಲ್ ಮುಂದಕ್ಕೆ ಹಾಕಿಸೋಣ."

"ಯಾಕೆ? ಸುಮ್ನೆ ಹೋಗಿ ಆಡಿ," ಎಂದಳು ಮಗಳು. "ಅಮ್ಮ ಇದ್ದಿದ್ರೂ ಅದನ್ನೇ ಹೇಳ್ತಿದ್ಲು."

ಗೋಲ್‌ಕೀಪರ್ ಆಗಿದ್ದ ಬೇಕರಿಯವನು ಅಳುಕುತ್ತ ತಿರುಗಿದ. "ಗೆದ್ದುಬಿಟ್ರೆ, ಅಕ್ಕಾ?"

ಗೆದ್ದರೆ ಊರು ಹೇಳುವುದು ಒಂದೇ: ಮುದುಕಿ ಹೋದಳು, ಶಾಪ ಕಳೆಯಿತು.

*

ಅಮ್ಮನದು ಬಟ್ಟೆಗೆ ಬಣ್ಣ ಹಾಕುವ ಕೆಲಸ. ಮಗಳು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ, ಮೈದಾನದಿಂದ ಹಾರಿಬಂದ ಚೆಂಡು ನೀಲಿ ಬಣ್ಣದ ಹಂಡೆಯೊಳಗೆ ದೊಪ್ಪನೆ ಬಿತ್ತು. ಒಣಹಾಕಿದ್ದ ಮದುವೆಮನೆಯ ಹಳದಿ ಬಟ್ಟೆಗಳ ಮೇಲೆಲ್ಲ ನೀಲಿ ಸಿಡಿಯಿತು. "ನಿಮ್ಮ ಕೈಗೆ ಎಂದೂ ಕಪ್ ಸಿಗದೆ ಹೋಗ್ಲಿ," ಎಂದು ಅಮ್ಮ ಬೀದಿಗೆ ಬಂದು ಕೂಗಿದಳು.

ಆ ವರ್ಷ ತಂಡ ಫೈನಲ್‌ನಲ್ಲಿ ಸೋತಿತು. ಮರುವರ್ಷವೂ ಸೋತಿತು. ಮೂಲೆಯ ಅಂಗಡಿಯವನು ಕತೆಗೆ ರೆಕ್ಕೆಪುಕ್ಕ ಕಟ್ಟಿದ. ಅವಳು ಚೆಂಡನ್ನು ಗೋಲ್ ಕಂಬದ ಬುಡದಲ್ಲಿ ಹೂತಿದ್ದಾಳಂತೆ, ಪಂದ್ಯದ ಹಿಂದಿನ ದಿನ ಅಲ್ಲಿ ನೀಲಿ ನೀರು ಹೊಯ್ಯುತ್ತಾಳಂತೆ.

ಅಮ್ಮನಿಗೆ ಊರಿನ ಬಾಯಿಗಿಂತ ತನ್ನ ಬಾಯಿಯದೇ ಕೊರಗು. ಒಂದು ವರ್ಷ ಆಟಕ್ಕೆ ಮೊದಲು ಮೈದಾನದ ನಡುವೆ ಹೋಗಿ ನಿಂತಳು. "ಅಂದಿದ್ದನ್ನ ವಾಪಸ್ ತಗೊಂಡಿದೀನಿ ಕಣ್ರಪ್ಪಾ. ಚೆನ್ನಾಗಿ ಆಡಿ." ಅಂದು ತಂಡ ಇನ್ನೂ ಕೆಟ್ಟದಾಗಿ ಸೋತಿತು. ಮನಸಾರೆ ವಾಪಸ್ ತಗೊಂಡಿಲ್ಲ ಎಂದರು ಜನ.

ಆಮೇಲೆ ಅವಳು ಪಂದ್ಯದ ದಿನ ಕಿಟಕಿ ಮುಚ್ಚಿ ಕೂರತೊಡಗಿದಳು, ತನ್ನ ಕಣ್ಣು ತಾಗದಿರಲೆಂದು. ಹೊರಗೆ ಕೂಗು ಎದ್ದಾಗಲೆಲ್ಲ, "ಯಾರ ಗೋಲೇ? ನಮ್ಮೋರದಾ?" ಎಂದು ಮಗಳನ್ನು ಕೇಳುವಳು.

*

ಮುಸ್ಸಂಜೆಗೆ ತಂಡ ಕೆಸರುಕಾಲಿನಲ್ಲೇ ಬಾಗಿಲಿಗೆ ಬಂತು. ಬೇಕರಿಯವನು ನಗು ತಡೆಯಲು ತುಟಿ ಕಚ್ಚಿಕೊಂಡಿದ್ದ. ಮಗಳು ಎದ್ದು ಹೊಸ್ತಿಲಿಗೆ ಬಂದಳು.

"ಗೆದ್ರಾ?"

"ಇಲ್ಲಕ್ಕಾ. ಸೋತು ಸುಣ್ಣ ಆಗಿ ಬಂದ್ವಿ."

"ಬೇಕೂಂತ ಸೋತ್ರಾ? ನಿಜ ಹೇಳು."

"ಬೇಕೂಂತ ಸೋಲೋಕೂ ಆಟ ಬರಬೇಕಲ್ಲಕ್ಕಾ. ಜೀವ ಬಿಟ್ಟು ಆಡಿದ್ವಿ. ಕೊನೇ ಗೋಲಂತೂ ನನ್ನ ಕಾಲ ಸಂದೀಲೇ ಹೋಯ್ತು."

ಹಿಂದೆ ನಿಂತಿದ್ದ ಅಂಗಡಿಯವನು ತಲೆ ಕೆರೆದುಕೊಂಡ. "ಪಾಪ, ಅಮ್ಮಂದೇನೂ ಇರಲಿಲ್ಲ ಬಿಡಿ. ಇವ್ರಿಗೇ ಆಡಕ್ಕೆ ಬರಲ್ಲ."

ಬೆಳಗಿನಿಂದ ಅಳು ಬಿಗಿಹಿಡಿದಿದ್ದ ಮಗಳಿಗೆ ಒಮ್ಮೆಲೇ ನಗು ಉಕ್ಕಿತು, ಜೊತೆಗೆ ಕಣ್ಣೀರೂ. "ಹೇಗೆ ಹೋಯ್ತು, ತೋರಿಸು," ಎಂದಳು.

ನೆಂಟರು ಚಾಪೆ ಸರಿಸಿ ಜಾಗ ಬಿಟ್ಟರು. ಬೇಕರಿಯವನು ಕೋಣೆಯ ನಡುವೆ ಕಾಲಗಲಿಸಿ ಬಗ್ಗಿ ನಿಂತ. ಮಗಳು ತಟ್ಟೆಯಿಂದ ಒಂದು ಕಿತ್ತಳೆ ತೆಗೆದು ಅವನತ್ತ ಉರುಳಿಸಿದಳು. ಅದು ಅವನ ಎರಡೂ ಕೈ ತಪ್ಪಿಸಿ, ಕಾಲ ಸಂದಿಯಲ್ಲಿ ನುಸುಳಿ, ಅಮ್ಮನ ಖಾಲಿ ಮಂಚದ ಕೆಳಗೆ ಹೋಯಿತು. ಇಡೀ ಮನೆ ಒಟ್ಟಿಗೆ "ಗೋಲ್!" ಎಂದು ಕೂಗಿತು.